ಒದ್ದೆ ಬೆರಳು, ಒತ್ತಕ್ಷರ ಮತ್ತು ಲಿನಕ್ಸ್ ಫೋನು

ಲಿನಕ್ಸ್ ಓಡುವ ಪೈನ್‌ಫೋನಿಗೆ ಯಾವ ಇಂಟರ್‌ಫೇಸ್ (ಪರದೆಯ ನೋಟ, ಮೆನು, ಕೀಲಿಮಣೆ) ಹಾಕುವುದು? ಕಾರವಾರದ ಕಡೆಯವರು ಎರಡು ವಿಷಯ ನೋಡಿದರೆ ಸಾಕು: ಮಳೆಗಾಲದ ಒದ್ದೆ ಬೆರಳಿಗೆ ಅದು ಬಗ್ಗುತ್ತದೆಯೇ, ಕನ್ನಡದ ಒತ್ತಕ್ಷರ ನೆಟ್ಟಗೆ ಕಾಣುತ್ತದೆಯೇ. ಎರಡರಲ್ಲೂ ಪಾಸಾಗುವಂಥದ್ದು ಸದ್ಯಕ್ಕಿಲ್ಲ.

ಪರೀಕ್ಷಿಸಲು ಫೋನಿನೊಳಗಿನದನ್ನು ಅಳಿಸಬೇಕಾಗಿಲ್ಲ. ಇದರ ಆಲ್‌ವಿನ್ನರ್ ಎ64 ಚಿಪ್ಪು ಮೊದಲು ಹುಡುಕುವುದು ಮೈಕ್ರೋ ಎಸ್‌ಡಿ ಕಾರ್ಡನ್ನೇ. 16 ಜಿಬಿ ಕಾರ್ಡಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಫೋನ್ ಲಿನಕ್ಸಿನ ಇಮೇಜ್ (ಇಡೀ ವ್ಯವಸ್ಥೆಯ ಕಡತ) ಬರೆದು ಹಾಕಿ. ಕಾರ್ಡ್ ತೆಗೆದರೆ ಹಳೆಯದೇ ಬರುತ್ತದೆ. ಫಾಷ್, ಪ್ಲಾಸ್ಮಾ ಮೊಬೈಲ್, ಎಸ್‌ಎಕ್ಸ್‌ಎಂಒ ಎಂಬ ಮೂರು ಇಂಟರ್‌ಫೇಸ್‌ಗಳಿಗೂ ಬೇರೆಬೇರೆ ಇಮೇಜ್ ಸಿಗುತ್ತದೆ. ಮೊದಲ ಪಾಸ್‌ವರ್ಡ್ 147147. ಬದಲಿಸುವಾಗಲೂ ಅಂಕಿಗಳನ್ನೇ ಇಡಿ. ಫಾಷ್‌ನ ಲಾಕ್ ಪರದೆ ಮೊದಲಿಗೆ ತೋರಿಸುವುದು ಅಂಕಿಗಳ ಕೀಪ್ಯಾಡನ್ನು, ಅಕ್ಷರ ಬೆರೆಸಿದರೆ ಒಳಹೋಗಲು ಪರದಾಟ.

ಪ್ಲಾಸ್ಮಾ ಮೊಬೈಲ್ ನೋಡಲು ಚೆಂದ, 2 ಜಿಬಿ ರ್‍ಯಾಮ್‌ನ ಮಾದರಿಗೆ ಭಾರ. ಫೋನಿನ ಮಾಲಿ-400 ಗ್ರಾಫಿಕ್ಸ್ ಹಳೆಯದು, ಚಿತ್ರ ಬಿಡಿಸುವ ಓಪನ್‌ಜಿಎಲ್ ಇಎಸ್ ಮಾನಕದಲ್ಲಿ 2.0ಗಿಂತ ಮುಂದಿನದು ಅದಕ್ಕೆ ಬರುವುದಿಲ್ಲ. ಪರದೆ ಸರಿಸುವಾಗ ತಡವರಿಸುತ್ತದೆ.

ದಿನಬಳಕೆಗೆ ನನ್ನ ಮತ ಫಾಷ್‌ಗೆ. ಪರದೆ 720×1440 ಚುಕ್ಕಿಗಳದು. 200% ಹಿಗ್ಗಿಸಿದಾಗ ಆ್ಯಪ್‌ಗಳಿಗೆ ಉಳಿಯುವುದು 360×720. ಡೆಸ್ಕ್‌ಟಾಪಿಗೆಂದು ಬರೆದ ಆ್ಯಪ್‌ನ 'ಸೇವ್' ಗುಂಡಿ ಪರದೆಯಾಚೆ ಹೋಗುವುದು ಇದರಿಂದಲೇ. 'ಮೊಬೈಲ್ ಸೆಟ್ಟಿಂಗ್ಸ್' ತೆರೆದು ಆ ಆ್ಯಪ್ ಒಂದಕ್ಕೆ ಮಾತ್ರ 'ಸ್ಕೇಲ್ ಟು ಫಿಟ್' (ಪರದೆಗೆ ಹಿಡಿಯುವಂತೆ ಕುಗ್ಗಿಸು) ಹಾಕಿ. ಅಕ್ಷರ ಸಣ್ಣದಾಗುತ್ತದೆ, ಗುಂಡಿಯಂತೂ ಕೈಗೆ ಸಿಗುತ್ತದೆ. ಕನ್ನಡದ ಜಾಗದಲ್ಲಿ ಬರೀ ಚೌಕ ಕಂಡರೆ ಫಾಂಟ್ ಇಲ್ಲವೆಂದರ್ಥ: ನೋಟೊ ಸ್ಯಾನ್ಸ್ ಕನ್ನಡ ಹಾಕಿ, ಪೋಸ್ಟ್‌ಮಾರ್ಕೆಟ್‌ಓಎಸ್ ಬದಲು ಡೆಬಿಯನ್ ಮೂಲದ ಮೋಬಿಯನ್ ಹಾಕಿಕೊಂಡರೆ ಗುಬ್ಬಿ ಫಾಂಟೂ ಸಿಗುತ್ತದೆ. ಟೈಪ್ ಮಾಡುವುದು ಇನ್ನೊಂದು ಕೆಲಸ. ಫಾಷ್ ಜೊತೆಗಿನ ಸ್ಕ್ವೀಕ್‌ಬೋರ್ಡ್ ಎಂಬ ಪರದೆ ಕೀಲಿಮಣೆಯ ವಿನ್ಯಾಸವೆಂದರೆ ಒಂದು ಯಾಮಲ್ (ಸರಳ ಪಠ್ಯದ) ಕಡತ, ನಾವೇ ಬರೆದುಕೊಳ್ಳಬಹುದು. ಕಡತದ ಹೆಸರು ಎಕ್ಸ್‌ಕೆಬಿಯ (ಲಿನಕ್ಸಿನ ಕೀಲಿಮಣೆ ವ್ಯವಸ್ಥೆಯ) ಕನ್ನಡ ವಿನ್ಯಾಸದ ಹೆಸರಿಗೆ ತಾಳೆಯಾಗದಿದ್ದರೆ ಸ್ಕ್ವೀಕ್‌ಬೋರ್ಡ್ ನಿಮ್ಮ ಕಡತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಾರವಾರದ ಬೈತಖೋಲ ಬಂದರಿನಲ್ಲಿ ಮಳೆಗೆ ನಿಂತವರ ಕಥೆ ಬೇರೆ. ನೀರಿನ ಹನಿಯೂ ವಿದ್ಯುತ್ ಹರಿಸುವುದರಿಂದ ಪರದೆ ಅದನ್ನೇ ಬೆರಳೆಂದು ತಿಳಿಯುತ್ತದೆ. ಉಪ್ಪುನೀರಾದರೆ ಮತ್ತೂ ಹೆಚ್ಚು. ಅಲ್ಲಿ ಎಸ್‌ಎಕ್ಸ್‌ಎಂಒ ಗೆಲ್ಲುತ್ತದೆ. ಅದರ ಮೆನುವಿನಲ್ಲಿ ಮೇಲೆ ಕೆಳಗೆ ಹೋಗಲು ವಾಲ್ಯೂಮ್ ಗುಂಡಿ, ಆರಿಸಲು ಪವರ್ ಗುಂಡಿ. ಪರದೆ ಮುಟ್ಟದೆಯೇ ಬಹಳಷ್ಟು ಕೆಲಸ ಸಾಗುತ್ತದೆ. ಆದರೆ ಎಸ್‌ಎಂಎಸ್ ತೆರೆಯುವುದು ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರ ತೋರಿಸುವ ಕಿಟಕಿಯಲ್ಲಿ. ಟರ್ಮಿನಲ್ ಪ್ರತಿ ಅಕ್ಷರವನ್ನೂ ಸಮ ಅಗಲದ ಮನೆಗಳಲ್ಲಿ ಕೂರಿಸಲು ನೋಡುತ್ತದೆ, ಹಾಗಾಗಿ 'ಅಕ್ಕ', 'ಶಾಸ್ತ್ರ'ದಂಥವು ಒಂದರ ಮೇಲೊಂದು ಬೀಳುತ್ತವೆ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ.

ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಕರೆ ಕಡಿದರೆ ಅದಕ್ಕೆ ಇಂಟರ್‌ಫೇಸನ್ನು ಬೈಯಬೇಡಿ. ಮೂರೂ ಇಂಟರ್‌ಫೇಸ್‌ಗಳು ಮೋಡೆಮ್ (ಸಿಮ್ ಜಾಲಕ್ಕೆ ಸೇರಿಸುವ ಚಿಪ್ಪು) ನಡೆಸುವುದು ಮೋಡೆಮ್‌ಮ್ಯಾನೇಜರ್ ಎಂಬ ಒಂದೇ ತಂತ್ರಾಂಶದ ಮೂಲಕ. ಜಿಯೋಗೆ 2ಜಿ, 3ಜಿ ಇಲ್ಲ. ಮೋಡೆಮ್‌ನಲ್ಲಿ ವೋಲ್ಟಿ (4ಜಿ ಮೇಲೆಯೇ ಮಾತಿನ ಕರೆ) ಚಾಲೂ ಆಗದಿದ್ದರೆ ಇಂಟರ್ನೆಟ್ ಓಡುತ್ತಿದ್ದರೂ ಮಾತಾಡಲಾಗುವುದಿಲ್ಲ. ಕಾರ್ಡಿನಲ್ಲಿ ಪರೀಕ್ಷಿಸುವಾಗಲೇ ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ, ಒಂದು ಕರೆ ಬರಮಾಡಿಕೊಳ್ಳಿ. ಫೋನು ನಿದ್ದೆಯಲ್ಲಿದ್ದಾಗ ಬರುವ ಕರೆಗೆ ಏಳುತ್ತದೋ ಅದನ್ನೂ ನೋಡಿ.