ಲೋಹದ ವಿಮಾನ ನೀರಲ್ಲಿ ಮುಳುಗಲ್ವಾ?

ನಮ್ಮ ಮನೆ ಗೋಡೆಯ ಮೇಲೆ ಡಾರ್ನಿಯರ್ ಡೊ ಎಕ್ಸ್ ವಿಮಾನದ ಹಳೇ ಫೋಟೋ ಇದೆ. ನೀರಿನ ಮೇಲೆ ನಿಂತಿದೆ, ಬೆನ್ನ ಮೇಲೆ 12 ಇಂಜಿನ್. ನೋಡಿದವರೆಲ್ಲ ಕೇಳುವುದು ಒಂದೇ: "ನೀರಿಗೆ ಇಳಿಯುವ ವಿಮಾನಕ್ಕೆ ಲೋಹ ಯಾಕೆ? ಮರ ಆದ್ರೆ ತೇಲುತ್ತೆ, ಅಲ್ವಾ?"

ಖಾಲಿ ತಾಮ್ರದ ಕೊಡ ಬಾವಿಯಲ್ಲಿ ತೇಲುತ್ತದೆ. ಒಳಗೆ ನೀರು ನುಗ್ಗದಿದ್ದರೆ ಸಾಕು. ದೋಣಿಯಂತಿರುವ ವಿಮಾನದ ಒಡಲೂ ಹಾಗೆಯೇ.

ನಿಜವಾದ ತೊಂದರೆ ಇದ್ದದ್ದು ಮರದಲ್ಲಿ. ಈ ವಿಮಾನಗಳು ದಿನಗಟ್ಟಲೆ ನೀರಲ್ಲೇ ನಿಲ್ಲಬೇಕು. ಮರ ನೀರು ಕುಡಿಯುತ್ತದೆ, ಊದುತ್ತದೆ, ಅಂಟು ಸಡಿಲವಾಗುತ್ತದೆ. ಕುಡಿದ ನೀರಿನ ತೂಕವನ್ನೂ ಇಂಜಿನ್ನೇ ಎತ್ತಬೇಕು.

ಈ ವಿಮಾನ ಕಟ್ಟಿದ ಕ್ಲಾಡ್ ಡಾರ್ನಿಯರ್ ಮೊದಲು, ವಾಯುನೌಕೆ ಕಟ್ಟುವ ಜರ್ಮನಿಯ ಜೆಪ್ಪೆಲಿನ್ ಕಂಪನಿಯಲ್ಲಿ ಇದ್ದವರು. ಹಗುರವಾದ ಲೋಹದ ಚೌಕಟ್ಟು ಅವರಿಗೆ ಹೊಸದಲ್ಲ. ಅಲ್ಯೂಮಿನಿಯಂಗೆ ತಾಮ್ರ, ಮೆಗ್ನೀಸಿಯಂ ಬೆರೆಸಿದ ಡ್ಯುರಾಲುಮಿನ್ ಆಗ ಸಿಗುತ್ತಿತ್ತು. ಗಟ್ಟಿ, ಆದರೆ ತೂಕ ಉಕ್ಕಿನ ಸುಮಾರು ಮೂರನೇ ಒಂದು ಪಾಲು. ಅದನ್ನೂ ಉಕ್ಕನ್ನೂ ಸೇರಿಸಿ 1915ರಲ್ಲಿ ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಆರ್‌ಎಸ್ 1 ಎಂಬ, ನೀರಿಗೆ ಇಳಿಯುವ ವಿಮಾನ ಕಟ್ಟಿದರು. ರೆಕ್ಕೆಯ ತುದಿಯಿಂದ ತುದಿಗೆ 43.5 ಮೀಟರ್. ಆ ಡಿಸೆಂಬರ್‌ನಲ್ಲಿ, ಒಮ್ಮೆಯೂ ಹಾರುವ ಮೊದಲೇ, ಬಿರುಗಾಳಿಗೆ ಸಿಕ್ಕಿ ಪುಡಿಯಾಯಿತು. ಅವರು ಬಿಡಲಿಲ್ಲ, ಇನ್ನೂ ಮೂರು ದೈತ್ಯರನ್ನು ಕಟ್ಟಿದರು.

ನಾಲ್ಕನೆಯದರಲ್ಲಿ ಬಂದ ಒಂದು ಉಪಾಯ ನನಗೆ ತುಂಬ ಇಷ್ಟ. ಒಡಲು ಕಿರಿದು, ರೆಕ್ಕೆ ಮೇಲೆ. ಹೀಗಿದ್ದರೆ ಅಲೆಗೆ ವಿಮಾನ ಪಕ್ಕಕ್ಕೆ ವಾಲುತ್ತದೆ. ಬೇರೆಯವರು ರೆಕ್ಕೆಯ ತುದಿಗೆ ತೇಲುಬುಡ್ಡೆ ಕಟ್ಟುತ್ತಿದ್ದರು. ಡಾರ್ನಿಯರ್ ಒಡಲಿನ ಎರಡೂ ಪಕ್ಕಕ್ಕೆ, ನೀರಿನ ಮಟ್ಟದಲ್ಲೇ, ಗಿಡ್ಡ ಮೊಂಡು ರೆಕ್ಕೆ ಇಟ್ಟರು. ನಿಂತಾಗ ವಿಮಾನ ವಾಲದಂತೆ ಹಿಡಿಯುತ್ತದೆ. ಡೊ ಎಕ್ಸ್‌ನಲ್ಲಿ ಪ್ರಯಾಣಿಕರು ಅದರ ಮೇಲೆ ನಡೆದೇ ಒಳಗೆ ಹೋಗುತ್ತಿದ್ದರು.

ಹಾಗಂತ ಲೋಹಕ್ಕೆ ಕಷ್ಟವೇ ಇಲ್ಲ ಎಂದಲ್ಲ. ಉಪ್ಪುನೀರು ಡ್ಯುರಾಲುಮಿನ್ನನ್ನು ತಿನ್ನುತ್ತದೆ. ಬಣ್ಣ ಬಳಿದು, ತೊಳೆದು ಕಾಪಾಡಬೇಕು.

ಡೊ ಎಕ್ಸ್ ಮೊದಲು ಹಾರಿದ್ದು 1929ರ ಜುಲೈ 12ರಂದು. ಅಕ್ಟೋಬರ್‌ನಲ್ಲಿ 169 ಜನರನ್ನು ಹೊತ್ತು ಹಾರಿತು. ಅವರಲ್ಲಿ 9 ಜನ ಹೇಳದೆ ಕೇಳದೆ ಹತ್ತಿ ಕೂತವರು! ಆದರೆ ಜಾಸ್ತಿ ಎತ್ತರಕ್ಕೆ ಏರಲಾಗಲಿಲ್ಲ. ಹಿಂದು ಮುಂದಾಗಿ ಜೋಡಿಸಿದ್ದ ಇಂಜಿನ್‌ಗಳಲ್ಲಿ ಹಿಂದಿನವು ವಿಪರೀತ ಬಿಸಿಯಾಗುತ್ತಿದ್ದವು. ಕೊನೆಗೆ ಹನ್ನೆರಡನ್ನೂ ತೆಗೆದು, ನೀರಿನಿಂದ ತಣಿಯುವ ಬೇರೆ ಇಂಜಿನ್ ಹಾಕಿದರು. ನನ್ನ ಪ್ರಕಾರ ಸೋತದ್ದು ಲೋಹವಲ್ಲ, ಆ ಕಾಲದ ಇಂಜಿನ್.

1930ರ ನವೆಂಬರ್‌ನಲ್ಲಿ ಅದು ನ್ಯೂಯಾರ್ಕ್‌ಗೆ ಹೊರಟಿತು. ಲಿಸ್ಬನ್‌ನಲ್ಲಿ ಬಿಸಿ ಹೊಗೆ ಕೊಳವೆಗೆ ಟಾರ್ಪಾಲಿನ್ ತಾಗಿ ಎಡ ರೆಕ್ಕೆಗೆ ಬೆಂಕಿ ಹತ್ತಿತು. ಆ ರೆಕ್ಕೆಯ ಚೌಕಟ್ಟು ಲೋಹದ್ದು, ಹೊದಿಕೆ ಮಾತ್ರ ಬಟ್ಟೆ. ರಿಪೇರಿಯಾಗಿ ನ್ಯೂಯಾರ್ಕ್ ಮುಟ್ಟಿದ್ದು 1931ರ ಆಗಸ್ಟ್ 27ಕ್ಕೆ. ಅದೇ ಲೋಹದ ಒಡಲು ಮತ್ತೆ ಅಟ್ಲಾಂಟಿಕ್ ದಾಟಿ, 1932ರ ಮೇ ತಿಂಗಳಲ್ಲಿ ಬರ್ಲಿನ್‌ನ ಸರೋವರಕ್ಕೆ ಬಂದು ಇಳಿಯಿತು.