ಮೂರನೇ ದಿನದ ನೀರು

ನಮ್ಮೂರು ಬಳ್ಳಾರಿ ಜಿಲ್ಲೆಯ ದರೋಜಿ ಕೆರೆಯ ಕೆಳಗಿದೆ. ಕೆರೆಗೆ ನೀರು ಬಂದರೆ ಭತ್ತ, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಮಳೆಯ ಮಾತು ಅಂದರೆ ನಮ್ಮ ಹೊಲದ ಮೇಲೆ ಬಿದ್ದ ಮಳೆಯ ಮಾತಲ್ಲ. ಮಳೆಗಾಲದ ಸಂಜೆ ಅಪ್ಪ ಅಂಗಳಕ್ಕೆ ಬಂದು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ. ಆ ಕಡೆ ಸಂಡೂರಿನ ಗುಡ್ಡ. "ಸಂಡೂರು ಗುಡ್ಡಕ್ಕ ಮಳಿ ಹಿಡೀತಂದ್ರ ಮೂರನೇ ದಿನ ನಮ್ಮ ಕೆರಿಗೆ ನೀರು" ಅನ್ನುತ್ತಿದ್ದ.

ಈ ಮಾತು ಕೇಳಿಕೊಂಡೇ ನಾನು ಬೆಳೆದೆ. ಆದರೆ ಆ ನೀರು ಹೊರಡುವ ಜಾಗ ನೋಡಿರಲಿಲ್ಲ. ಅಪ್ಪನೂ ಸರಿಯಾಗಿ ನೋಡಿರಲಿಲ್ಲ. ಒಂದೇ ಒಂದು ಸಲ ಕುಮಾರಸ್ವಾಮಿ ಜಾತ್ರೆಗೆ ಲಾರಿಯಲ್ಲಿ ಹೋಗಿದ್ದನಂತೆ, ಅದೂ ರಾತ್ರಿ ಹೊತ್ತಿನಲ್ಲಿ. ಅರವತ್ತೆಂಟು ವರ್ಷ ಒಂದು ಕಾಡಿನ ನೀರು ಉಂಡು ಬದುಕಿದ ಮನುಷ್ಯ ಆ ಕಾಡನ್ನು ಹಗಲು ಹೊತ್ತಿನಲ್ಲಿ ನೋಡಿಲ್ಲ ಅನ್ನೋದು ನನ್ನ ಮನಸ್ಸಿಗೆ ಹತ್ತಿತು. ಗಣೇಶನ ಹಬ್ಬ ಮುಗಿದ ಮೇಲೆ ಒಂದು ಮಂಗಳವಾರ ಹೊರಟೆವು. ನಾನು, ಅಪ್ಪ, ಮತ್ತೆ ಕಾರು ಓಡಿಸಲು ಸೋದರಮಾವ.

ಸೆಪ್ಟೆಂಬರಿನಲ್ಲೇ ಸಂಡೂರು ನೋಡಬೇಕು ಅಂತ ಗಾಂಧೀಜಿ ಹೇಳಿದ್ದರು ಎಂದು ಸಂಡೂರಿನವರು ಹೇಳುತ್ತಾರೆ. ಅವರು 1934ರಲ್ಲಿ ಇಲ್ಲಿಗೆ ಬಂದಿದ್ದರು.

ತೋರಣಗಲ್ಲಿನಲ್ಲಿ ಒಗ್ಗರಣಿ ಮಿರ್ಚಿ ತಿಂದೆವು. ಉಕ್ಕಿನ ಕಾರ್ಖಾನೆಯ ಕೊಳವೆಗಳು ಹಿಂದೆ ಬಿದ್ದವು. ರಸ್ತೆ ಸಂಡೂರಿನ ಕಡೆ ತಿರುಗಿದ ಮೇಲೆ ಮಾವ ಮಾತು ಕಡಿಮೆ ಮಾಡಿದ. ಈ ರಸ್ತೆಯ ಒಂದೊಂದು ತಿರುವೂ ಅವನಿಗೆ ಗೊತ್ತು. 2006ರಲ್ಲಿ ಸಾಲ ಮಾಡಿ ಟಿಪ್ಪರ್ ತಗೊಂಡಿದ್ದ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ಬೀಜಿಂಗ್ ಒಲಿಂಪಿಕ್ಸ್ 2008ರಲ್ಲಿ, ಅದಕ್ಕೂ ಮುಂಚಿನಿಂದಲೇ ಕಬ್ಬಿಣದ ರೇಟು ಆಕಾಶಕ್ಕೆ ಹತ್ತಿತ್ತು. ರಾತ್ರಿ ಹಗಲು ಲಾರಿಗಳ ಸಾಲು. ಬೇವಿನ ಗಿಡ ಯಾವುದು, ಹುಣಸೆ ಯಾವುದು ಗುರುತು ಸಿಗುತ್ತಿರಲಿಲ್ಲ. ಎಲ್ಲಾ ಒಂದೇ ಕೆಂಪು. ಹತ್ತಿ ಕೂಡ ಕೆಂಪಾಗಿ ಬಿಡಿಸುತ್ತಿದ್ದರು. ಪಟ್ಟಾ ಹೊಲದಲ್ಲೇ ಮೇಲ್ಮಣ್ಣು ಕೆದರಿ ಅದಿರು ಮಾರಿದ ರೈತರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ.

2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದದ್ದೂ ಅದೇ ತಿಂಗಳು. ಮಾವನ ಟಿಪ್ಪರ್ ಮನೆ ಮುಂದೆ ನಿಂತಿತು. ಕಂತು ಕಟ್ಟಲು ಆಗಲಿಲ್ಲ. ಸಾಲ ಕೊಟ್ಟವರು ಬಂದು ಗಾಡಿ ತಗೊಂಡು ಹೋದರು. ಅತ್ತೆಯ ಬಳೆಯೂ ಆ ಸಾಲಕ್ಕೇ ಹೋಯಿತು. ಆ ದಿನಗಳ ಬಗ್ಗೆ ಮಾವ ಯಾವತ್ತೂ ಜಾಸ್ತಿ ಮಾತಾಡಿದವನಲ್ಲ. ಅವನನ್ನು ಈ ದಾರಿಗೆ ಕರೆತಂದದ್ದು ಸರಿಯೋ ತಪ್ಪೋ ಅಂತ ನನಗೆ ಅಳುಕು ಇತ್ತು.

ತಾರಾನಗರದ ಹತ್ತಿರ ನಾರಿಹಳ್ಳದ ಜಲಾಶಯ. ಕಾರು ನಿಲ್ಲಿಸಿ ನೋಡಿದೆವು. ನೀರು ಚೆನ್ನಾಗಿತ್ತು. ಸುತ್ತ ಗುಡ್ಡ, ಮೇಲೆ ಮೋಡ. ನಮ್ಮ ದರೋಜಿ ಕೆರೆಗೆ ಬರುವುದು ಇದೇ ಹಳ್ಳ. ಸಂಡೂರಿನ ಸುತ್ತ ಬೆಟ್ಟಗಳ ಎರಡು ಉದ್ದ ಸಾಲುಗಳಿವೆ. ನಡುವೆ ದೋಣಿಯ ಹೊಟ್ಟೆಯಂಥ ಕಣಿವೆ. ಎರಡೂ ಕಡೆ ಬಿದ್ದ ಮಳೆ ಇಳಿದು ಬಂದು ನಾರಿಹಳ್ಳಕ್ಕೆ ಸೇರುತ್ತದೆ. ಹಳ್ಳ ಬೆಟ್ಟವನ್ನು ಎರಡು ಕಡೆ ಕೊರೆದಿದೆ. ನಮ್ಮ ಕಡೆ ಇದಕ್ಕೆ ಗಂಡಿ ಅಂತಾರೆ. ಭೀಮನಗಂಡಿ, ಉಬ್ಬಲಗಂಡಿ. ಒಂದು ಗಂಡಿಯಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಬೀಳುತ್ತದೆ. ಬಂಡೆಯ ಗೋಡೆಗಳ ನಡುವೆ ಹಾದು ಒಳಗೆ ಹೋದಾಗ ಬಳ್ಳಾರಿಯ ಬಯಲು ಪೂರ್ತಿ ಮರೆತು ಹೋಗುತ್ತದೆ. ಗಾಳಿಯೇ ಬೇರೆ.

ಅಪ್ಪ ಆ ಗಂಡಿಯನ್ನು ಕತ್ತು ಎತ್ತಿ ನೋಡಿದ. "ಇಷ್ಟು ಸಣ್ಣ ಬಾಗಿಲದಾಗ ಹಾದು ಬರ್ತೈತೇನು ನಮ್ಮ ನೀರು" ಅಂದ.

ಸಂಡೂರಿನ ಇತಿಹಾಸಕ್ಕೂ ಈ ಬಾಗಿಲಿಗೂ ಸಂಬಂಧ ಇದೆ ಅಂತ ನನಗೆ ಅನಿಸುತ್ತದೆ. ಸುತ್ತ ಬೆಟ್ಟದ ಕೋಟೆ, ಒಳಗೆ ಪುಟ್ಟ ಸಂಸ್ಥಾನ. ಮರಾಠರ ಘೋರ್ಪಡೆ ಮನೆತನದ್ದು. ಸುಮಾರು 417 ಚದರ ಕಿಲೋಮೀಟರ್ ಅಷ್ಟೇ. ಸುತ್ತಲಿನ ಬಳ್ಳಾರಿ ಜಿಲ್ಲೆ ಮದ್ರಾಸಿನ ಬ್ರಿಟಿಷರ ಕೈಯಲ್ಲಿತ್ತು, ಸಂಡೂರು ತನ್ನಷ್ಟಕ್ಕೆ ಇತ್ತು. 1949ರಲ್ಲಿ ಭಾರತಕ್ಕೆ ಸೇರಿತು, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. ಕಾಡಿನ ಮೇಲೆ ಕಣ್ಣು ಮಾತ್ರ ಹಳೆಯದು. ಬಿಸಿಲಿನ ಬಳ್ಳಾರಿಯಲ್ಲಿ ಸೌದೆಗೆ, ಮರಕ್ಕೆ ಬೇರೆ ಕಾಡು ಎಲ್ಲಿದೆ? ದಂಡಿನ ಬ್ರಿಟಿಷ್ ಸಿಪಾಯಿಗಳು ಕಾಯಿಲೆ ಬಿದ್ದರೆ ಸುಧಾರಿಸಿಕೊಳ್ಳಲು ಇಲ್ಲಿನ ರಾಮನದುರ್ಗಕ್ಕೆ ಬರುತ್ತಿದ್ದರು. ಅವರ ಗೋರಿಗಳು ಇನ್ನೂ ಅಲ್ಲಿವೆ. 20ನೇ ಶತಮಾನದ ಶುರುವಿನಲ್ಲೇ ಮ್ಯಾಂಗನೀಸ್ ತೆಗೆಯಲು ಬೆಲ್ಜಿಯಂನವರು ಬಂದರು. ರಾಜಮನೆತನದಲ್ಲೇ ಹುಟ್ಟಿದ ಎಂ.ವೈ. ಘೋರ್ಪಡೆಯವರು ಕ್ಯಾಮೆರಾ ಹಿಡಿದು ಕಾಡು ಅಲೆದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರಾಗಿದ್ದರು. ಇಷ್ಟು ಸಣ್ಣ ಜಾಗದ ಮೇಲೆ ಎಷ್ಟೊಂದು ಜನರ ಆಸೆ, ಎಷ್ಟು ಥರದ ಆಸೆ!

ಊರು ದಾಟಿ ಕುಮಾರಸ್ವಾಮಿ ಬೆಟ್ಟದ ಘಾಟಿ ಹತ್ತತೊಡಗಿದೆವು. ಮೀಸಲು ಅರಣ್ಯ ಅನ್ನುವ ಬೋರ್ಡು ಬಂತು. ಆಮೇಲೆ ಸುಮ್ಮನೆ ಹಸಿರು. ದಿಂಡಿಗ, ಮುತ್ತುಗ, ಕಕ್ಕೆ, ಅಲ್ಲಲ್ಲಿ ಸಣ್ಣ ಶ್ರೀಗಂಧ. ಕೆಳಗೆ ಸೀತಾಫಲದ ಪೊದೆಗಳು, ಕಾಯಿ ಕಣ್ಣು ಬಿಡುತ್ತಿದ್ದವು. ಒಂದು ತಿರುವಿನಲ್ಲಿ ಮೋಡವೇ ರಸ್ತೆಗೆ ಅಡ್ಡ ಇಳಿದಿತ್ತು. ಈ ಕಾಡು ಮಲೆನಾಡಿನ ಕಾಡಿನ ಹಾಗೆ ಎತ್ತರವಲ್ಲ. ಬೇಸಿಗೆಯಲ್ಲಿ ಬಂದರೆ ಒಣ ಕಡ್ಡಿಯ ಹಾಗೆ ಕಾಣುತ್ತದೆ. ಅದಕ್ಕೇ ಇದನ್ನು ಕುರುಚಲು ಅಂತ ಕಡೆಗಣಿಸುವುದು ಸುಲಭ. ಆದರೆ ಇದೇ ಕುರುಚಲಿನಲ್ಲಿ ಚಿರತೆ ಇದೆ, ಕರಡಿ ಇದೆ, ನಾಲ್ಕು ಕೊಂಬಿನ ಕೊಂಡಕುರಿ ಇದೆ. ಕಲ್ಲುಗುಡ್ಡಗಳನ್ನೇ ನಂಬಿದ ಹಳದಿ ಕೊರಳಿನ ಪಿಕಳಾರ ಇದೆ. ಅದು ದಕ್ಷಿಣ ಭಾರತ ಬಿಟ್ಟು ಬೇರೆ ಎಲ್ಲೂ ಇಲ್ಲದ ಹಕ್ಕಿ.

ಕರಡಿ ನಮಗೇನೂ ಹೊಸದಲ್ಲ. ಅಜ್ಜ ಶೇಂಗಾ ಹೊಲ ಕಾಯಲು ರಾತ್ರಿ ಡಬ್ಬಿ ಬಡಿಯುತ್ತಿದ್ದದ್ದು ಕರಡಿಗೇ. 1994ರಲ್ಲಿ ನಮ್ಮೂರ ಹೆಸರಿನಲ್ಲೇ ಕರಡಿಧಾಮ ಆಯಿತು. ಬಂಡೆಗೆ ಬೆಲ್ಲ ಸವರುತ್ತಾರೆ, ಸಂಜೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ಆದರೆ ಕರಡಿಯ ಸೀಮೆ, ಈ ಬೆಟ್ಟ, ನಮ್ಮ ಕೆರೆ ಎಲ್ಲಾ ಒಂದೇ ಹಳ್ಳಕ್ಕೆ ಪೋಣಿಸಿದ ಹಾಗೆ ಇವೆ ಅಂತ ನನಗೆ ಕಂಡದ್ದು ಅವತ್ತೇ.

ಒಂದು ಕಡೆ ಇಳಿದಾಗ ಅಪ್ಪ ದಾರಿ ಪಕ್ಕದ ಕಲ್ಲೊಂದನ್ನು ಎತ್ತಲು ಹೋಗಿ ಎರಡೂ ಕೈ ಹಾಕಬೇಕಾಯಿತು. ಮುಷ್ಟಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಕಬ್ಬಿಣವೇ. ಈ ಕಲ್ಲಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. 19ನೇ ಶತಮಾನದ ಕೊನೆಗೆ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಗಳನ್ನೆಲ್ಲ ನಡೆದು ನೋಡಿ ಇಲ್ಲಿನ ಅದಿರಿನ ಬಗ್ಗೆ ಬರೆದಿದ್ದ. ಬಳ್ಳಾರಿ ಪಕ್ಕದ ಕಪ್ಪಗಲ್ಲಿನ ಶಿಲಾಯುಗದ ನೆಲೆಯ ಬಗ್ಗೆಯೂ ಅವನು ಬರೆದಿದ್ದಾನೆ. ಪುರಾಣದವರಿಗೆ ಅದಕ್ಕೂ ಮುಂಚೆ ಗೊತ್ತಿತ್ತು. ಈ ಬೆಟ್ಟಕ್ಕೆ ಲೋಹಾಚಲ ಅಂತಲೇ ಹೆಸರು. ಕುಮಾರಸ್ವಾಮಿ ತಾರಕಾಸುರನನ್ನು ಕೊಂದದ್ದು ಇಲ್ಲೇ, ಮಣ್ಣು ಕೆಂಪಗಿರುವುದು ಅವನ ರಕ್ತದಿಂದ ಅಂತ ಹೇಳುತ್ತಾರೆ.

ಗುಡಿಯ ಹತ್ತಿರ ಹೋದೆವು. ಸಾವಿರ ವರ್ಷಕ್ಕೂ ಹಳೆಯ ಜಾಗ. ರಾಷ್ಟ್ರಕೂಟರ ಕಾಲದ ಶಾಸನ ಇದೆ. ಕುಮಾರಸ್ವಾಮಿ ಗುಡಿಯ ಒಳಗೆ ಹೆಂಗಸರಿಗೆ ಪ್ರವೇಶ ಇಲ್ಲ. ಅಪ್ಪ, ಮಾವ ಒಳಗೆ ಹೋದರು. ನಾನು ಪಾರ್ವತಿ ಗುಡಿಗೆ ಕೈ ಮುಗಿದು ಹೊರಗೆ ಕೂತೆ. ಇದೇ ಗುಡಿಯನ್ನು 1932ರಲ್ಲಿ ಇಲ್ಲಿನ ರಾಜರು ಹರಿಜನರಿಗೆ ತೆರೆದರು. ಕೇರಳದ ತಿರುವಾಂಕೂರು ಸಂಸ್ಥಾನ ತನ್ನ ಗುಡಿಗಳನ್ನು ಹೀಗೆ ತೆರೆದದ್ದಕ್ಕಿಂತ ನಾಲ್ಕು ವರ್ಷ ಮುಂಚೆ. ಅಷ್ಟು ದೊಡ್ಡ ಬಾಗಿಲು ತೆರೆದವರು ಈ ಇನ್ನೊಂದನ್ನೂ ತೆರೆಯಬೇಕಿತ್ತು. ನನಗೆ ನೋವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಅಪ್ಪನಿಗೆ ತವಕ ಇದ್ದದ್ದು ಬೇರೆ ಕಡೆ. "ಇಲ್ಲಿ ನೀರು ಎಲ್ಲೈತಿ?" ಅಂತ ಅರ್ಚಕರನ್ನೇ ಕೇಳಿದನಂತೆ. ಅವರು ಹರಿಶಂಕರಕ್ಕೆ ಹೋಗಿ ಅಂದರು.

ಹರಿಶಂಕರ ತೀರ್ಥ ಮರಗಳ ಒಳಗೆ ಮುಳುಗಿದ ಜಾಗ. ಮೆಟ್ಟಿಲು ಇಳಿಯುವಾಗಲೇ ಸದ್ದು ಕೇಳಿಸಿತು. ದೊಡ್ಡ ಜಲಪಾತವಲ್ಲ. ಬೆಟ್ಟದ ಒಳಗಿಂದ ಕೈಯಗಲದ ಧಾರೆ. ಬೇಸಿಗೆಯಲ್ಲೂ ನಿಲ್ಲುವುದಿಲ್ಲ ಅಂತ ಅಲ್ಲಿದ್ದ ಒಬ್ಬ ಅಜ್ಜಿ ಹೇಳಿದಳು. ಕನ್ನಡಿಯಂಥ ನೀರು. ಸುತ್ತ ಮಣ್ಣೆಲ್ಲ ಕುಂಕುಮದ ಹಾಗೆ ಕೆಂಪು, ನೀರಿಗೆ ಮಾತ್ರ ಒಂದು ಚೂರೂ ಬಣ್ಣ ಇಲ್ಲ!

ಅಪ್ಪ ಚಪ್ಪಲಿ ದೂರ ಬಿಟ್ಟು ಬಂದು ಬೊಗಸೆ ಒಡ್ಡಿದ. ಕುಡಿದ. ತಲೆಗೆ ತಟ್ಟಿಕೊಂಡ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ನಾನು ನನಗೆ ತಿಳಿದಷ್ಟು ಹೇಳಿದೆ. ಮೇಲೆ ಬಿದ್ದ ಮಳೆ ಮೊದಲು ಎಲೆಯ ಮೇಲೆ ಬೀಳುತ್ತದೆ. ಆಮೇಲೆ ಕೆಳಗಿನ ತರಗೆಲೆಗೆ, ಬೇರಿಗೆ. ಅಲ್ಲಿಂದ ಬಿರುಕು ಬಿಟ್ಟ ಕಲ್ಲಿನ ಒಳಗೆ ಇಳಿಯುತ್ತದೆ. ಕಲ್ಲು ಅದನ್ನು ಹಿಡಿದಿಟ್ಟು ಮೆಲ್ಲಗೆ ಬಿಡುತ್ತದೆ. ಮಳೆ ನಿಂತ ಮೇಲೂ ಹಳ್ಳ ಹರಿಯುವುದು ಇದರಿಂದ.

"ಹಂಗಾರ ಮೂರು ದಿನ ಅನ್ನೋದು ಗುಡ್ಡ ಹಿಡಕೊಂಡಿದ್ದಕ್ಕ" ಅಂದ ಅಪ್ಪ.

ಆಗ ಮಾವ ಮಾತಾಡಿದ. ಬೆಳಗಿನಿಂದ ಅವನು ಆಡಿದ ಮೊದಲ ಉದ್ದ ಮಾತು ಅದು. "ನಾ ಲಾರಿ ಹೊಡಿಯೋ ಟೈಮಿನಾಗ ಮೂರು ದಿನ ಇದ್ದಿಲ್ಲ ಭಾವ. ಮಳಿ ಬಿದ್ದ ದಿನಾನ ನೀರು ಬರ್ತಿತ್ತು. ಕೆಂಪಗ, ಕೆಸರು ಕೆಸರು. ಮರುದಿನ ಹಳ್ಳ ಖಾಲಿ. ನಾನು ಕಣ್ಣಾರೆ ನೋಡೀನಿ. ಗಣಿಯವರು ಸುರುವಿದ ಡಂಪಿನ ಮಣ್ಣೆಲ್ಲ ಕೆಳಗ ಹೋಗ್ತಿತ್ತು."

ಅಪ್ಪ ಅವನ ಕಡೆ ನೋಡಿದ. "ಅದ ನಮ್ಮ ಕೆರಿಯಾಗ ಕುಂತೈತಿ" ಅಂದ. ಬೈಗುಳ ಇರಲಿಲ್ಲ ಆ ಮಾತಿನಲ್ಲಿ. ಮಾವ ತಲೆ ಆಡಿಸಿದ. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತರು. ಒಬ್ಬನಿಗೆ ಈ ಬೆಟ್ಟ ಕೊಟ್ಟದ್ದು ಭತ್ತ, ಇನ್ನೊಬ್ಬನಿಗೆ ಸಾಲ. ಇಬ್ಬರೂ ಮನೆ ನಡೆಸಲೇ ದುಡಿದವರು. ಮಾವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಟನ್ನಿನ ಲೆಕ್ಕ ಮಾಡಿದವರು ಯಾರೂ ಆ ಟಿಪ್ಪರಿನಲ್ಲಿ ಕೂತಿರಲಿಲ್ಲ.

ಇಳಿಯುವಾಗ ಮೋಡ ಸರಿದು ಎದುರು ಸಾಲು ಕಂಡಿತು. ಅರ್ಧ ಹಸಿರು. ಉಳಿದರ್ಧ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು. ಮಾವ ಬೆರಳು ಮಾಡಿ ತೋರಿಸಿದ. ನಿಂತ ಗಣಿ ಯಾವುದು, ಮತ್ತೆ ಶುರುವಾದದ್ದು ಯಾವುದು ಅಂತ ಹೇಳಿದ. 2013ರ ತೀರ್ಪಿನಲ್ಲಿ ಕೋರ್ಟು ತೀರಾ ಅಕ್ರಮ ಮಾಡಿದ ಗುತ್ತಿಗೆಗಳನ್ನು ರದ್ದು ಮಾಡಿತು. ಬಳ್ಳಾರಿಗೆ ಮೊದಲು ವರ್ಷಕ್ಕೆ ಎರಡೂವರೆ ಕೋಟಿ ಟನ್ ಮಿತಿ ಹಾಕಿತ್ತು. ಡಂಪಿನ ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿ, ಸಸಿ ನೆಟ್ಟು, ಹಳ್ಳಕ್ಕೆ ಚೆಕ್ ಡ್ಯಾಮ್ ಹಾಕಬೇಕು ಅನ್ನುವ ಷರತ್ತೂ ಬಂತು. ಕೆಲವು ಕಡೆ ಅದರ ಗುಣ ಕಣ್ಣಿಗೆ ಕಾಣುತ್ತದೆ. ನಾರಿಹಳ್ಳ ಈಗ ಮೊದಲಿನಷ್ಟು ಕೆಂಪಿಲ್ಲ. ಆದರೆ 2024ರಲ್ಲಿ ದೇವದಾರಿ ಬೆಟ್ಟದ ಹೊಸ ಗಣಿಯ ಸುದ್ದಿ ಬಂದಾಗ ಪತ್ರಿಕೆಯಲ್ಲಿ ಓದಿದ ಲೆಕ್ಕ ನನಗೆ ಮರೆಯಲು ಆಗಿಲ್ಲ. 401 ಹೆಕ್ಟೇರ್ ಕಾಡು, 99,330 ಮರ. ಒಂದು ಮರಕ್ಕೆ ಬದಲು ಹತ್ತು ನೆಡುತ್ತೇವೆ ಅಂತ ಯಾರಾದರೂ ಹೇಳಬಹುದು. ಎಲ್ಲಿ ನೆಡುತ್ತಾರೆ? ಬಯಲಲ್ಲಿ ನೆಟ್ಟ ಸಸಿ ಈ ಗುಡ್ಡದ ನೆತ್ತಿಯ ಮಳೆ ಹಿಡಿಯುತ್ತದಾ?

ಸಂಡೂರು ದಾಟಿ ಸೀತಾಫಲದ ಬುಟ್ಟಿ ಇಟ್ಟುಕೊಂಡಿದ್ದ ಲಂಬಾಣಿ ಅಕ್ಕನ ಹತ್ತಿರ ಎರಡು ಡಜನ್ ತಗೊಂಡೆವು. "ಕಾಡಿಂದು, ಔಷಧ ಹೊಡೆದಿಲ್ಲ" ಅಂದಳು.

ನಮ್ಮೂರು ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಅಪ್ಪ ಮನೆಗೆ ಬೇಡ, ಮೊದಲು ಕೆರೆ ಏರಿಗೆ ಬಿಡು ಅಂದ. ತೂಬಿನ ಹತ್ತಿರ ಮೆಟ್ಟಿಲು ಇಳಿದು ಕಲ್ಲಿನ ಮೇಲಿನ ನೀರಿನ ಗುರುತು ನೋಡಿದ. ಗೇಣು ಹಾಕಿ ಅಳೆದ. "ಕೋಡಿ ಬೀಳಾಕ ಇನ್ನ ಎರಡು ಗೇಣು" ಅಂದ. ಮಾವನೂ ಇಳಿದು ಹೋಗಿ ಬಗ್ಗಿ ನೋಡಿದ. ಒಂದು ಬೊಗಸೆ ಎತ್ತಿ ಬೆಳಕಿಗೆ ಹಿಡಿದ. ಸ್ವಲ್ಪ ಬಗ್ಗಡ ಇತ್ತು, ಕೆಂಪಿರಲಿಲ್ಲ.

ರಾತ್ರಿ ಊಟ ಆದ ಮೇಲೆ ಅಪ್ಪ ಹೊರಸನ್ನು ಅಂಗಳಕ್ಕೆ ಎಳೆದುಕೊಂಡ. ದಕ್ಷಿಣದಲ್ಲಿ ಸದ್ದಿಲ್ಲದೆ ಮಿಂಚುತ್ತಿತ್ತು, ಬಿಟ್ಟು ಬಿಟ್ಟು, ಬಹಳ ಹೊತ್ತು.

"ಗುಡ್ಡಕ್ಕ ಹಿಡೀತು" ಅಂದ. ಬೆರಳು ಮಡಚಿ ಎಣಿಸಿದ. "ಶುಕ್ರವಾರಕ್ಕ ಬರ್ತೈತಿ."