ಸ್ವಯಂಸೇವಕರು ಕಟ್ಟುವ ಮನೆ ಗಾಳಿಗೆ ನಿಲ್ಲುವುದು ಹೇಗೆ?

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಡಿದು, ತಡೆಗೋಡೆಗಳು ಒಡೆದು, ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇ. 80 ಭಾಗ ಮುಳುಗಿತು. ಮನೆ ಕಳೆದುಕೊಂಡವರಿಗೆ ಸೂರು ಕಟ್ಟಿಕೊಡಲು ಅಮೆರಿಕದ ಮೂಲೆಮೂಲೆಯಿಂದ ಜನ ಬಂದರು. ಅಪ್ಪರ್ ನೈಂತ್ ವಾರ್ಡ್‌ನಲ್ಲಿ ಸ್ವಯಂಸೇವಕರ ನೆರವಿನಿಂದ ಮನೆ ಕಟ್ಟಿಕೊಡುವ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ ಕಟ್ಟಿದ 'ಮ್ಯುಸಿಶಿಯನ್ಸ್ ವಿಲೇಜ್' ಮನೆಗಳು ಇಂಥ ಕೈಗಳಿಂದಲೇ ಎದ್ದವು.

ಗಾಳಿಗೆ ಹಾರಿಹೋಗುವ ಊರಲ್ಲಿ ಮತ್ತೆ ಮರದ ಮನೆಯೇ ಏಕೆ ಎಂದು ಊರಿನವರು ಕೇಳುವುದುಂಟು. ಇಲ್ಲಿನ ಮಣ್ಣು ಮೆತ್ತಗೆ. ಹಗುರವಾದ ಮನೆಯನ್ನು ಕಂಬಗಳ ಮೇಲೆ ಎತ್ತರಿಸಿ ಕೂರಿಸುವುದು ಸುಲಭ. ಮರ ಗಾಳಿಗೆ ಸೋಲುವುದು ಕಡಿಮೆ, ಸೋಲುವುದು ಜೋಡಣೆ.

ಚಂಡಮಾರುತ ಚಾವಣಿಯನ್ನು ಮೇಲಕ್ಕೆ ಎಳೆಯುತ್ತದೆ. ಆ ಎಳೆತ ಚಾವಣಿ ಹೊರುವ ಮರದ ಚೌಕಟ್ಟಾದ ಟ್ರಸ್‌ನಿಂದ ಗೋಡೆಯ ಮೇಲಿನ ಪಟ್ಟಿಗೆ, ಅಲ್ಲಿಂದ ನಿಲುವು ಕಂಬಗಳಿಗೆ, ಕೊನೆಗೆ ಬೋಲ್ಟ್ ಮೂಲಕ ತಳಪಾಯಕ್ಕೆ ಇಳಿಯಬೇಕು. ನಡುವೆ ಒಂದು ಕೊಂಡಿ ಸಡಿಲವಿದ್ದರೂ ಉಳಿದದ್ದೆಲ್ಲ ದಂಡ. ಅದಕ್ಕೇ ಪ್ರತಿ ಟ್ರಸ್‌ಗೂ ಅದನ್ನು ಗೋಡೆಗೆ ಬಿಗಿಯುವ ಲೋಹದ ಪಟ್ಟಿ, ಅಂದರೆ ಹರಿಕೇನ್ ಕ್ಲಿಪ್. ತಯಾರಕರು ಹೇಳಿದಷ್ಟೂ ತೂತುಗಳಿಗೆ, ಹೇಳಿದ ದಪ್ಪದ ಮೊಳೆಯನ್ನೇ ಹೊಡೆಯಬೇಕು. ಹೊಸಬರು ಕೈಗೆ ಸಿಕ್ಕ ಡ್ರೈವಾಲ್ (ಒಳಗೋಡೆಗೆ ಹೊಡೆಯುವ ಜಿಪ್ಸಮ್ ಹಾಳೆ) ಸ್ಕ್ರೂ ತಿರುಗಿಸಿಬಿಡುತ್ತಾರೆ. ಅದು ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ತಾಮ್ರದ ರಾಸಾಯನಿಕ ಕುಡಿಸಿದ ಮರಕ್ಕಾದರೆ ದಪ್ಪ ಸತುವಿನ ಲೇಪ ಅಥವಾ ಸ್ಟೇನ್‌ಲೆಸ್ ಮೊಳೆಯೇ ಬೇಕು, ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತದೆ.

ಹೊರಗೋಡೆಗೂ ಚಾವಣಿಗೂ 4x8 ಅಡಿಯ, ಪ್ಲೈವುಡ್ ಥರದ ಮರದ ಹಾಳೆಗಳು. ಸಾಮಾನ್ಯ ಲೆಕ್ಕ ಅಂಚಿನಲ್ಲಿ 6 ಇಂಚಿಗೊಂದು ಮೊಳೆ, ನಡುವೆ 12 ಇಂಚಿಗೊಂದು. ಕರಾವಳಿಯ ನಕ್ಷೆಗಳಲ್ಲಿ ಇನ್ನೂ ಒತ್ತಾಗಿರುತ್ತದೆ, ನಕ್ಷೆ ನೋಡದೆ ಹೊಡೆಯಬೇಡಿ. ಹಾಳೆಗಳ ನಡುವೆ ಎಂಟನೇ ಒಂದು ಇಂಚು ಸಂದು ಬಿಡದಿದ್ದರೆ ತೇವಕ್ಕೆ ಉಬ್ಬಿ ಏಳುತ್ತವೆ. ನೇಲ್ ಗನ್‌ನ ಒತ್ತಡ ಹೆಚ್ಚಾದರೆ ಮೊಳೆಯ ತಲೆ ಹಾಳೆಯೊಳಗೆ ಹೂತು ಹಿಡಿತ ಹೋಗುತ್ತದೆ. ತಲೆ ಮೇಲ್ಮೈಗೆ ಸಮ ಇರಬೇಕು. ಹಾಳೆಯ ಹಿಂದಿನ ಮರ ತಪ್ಪಿದ ಮೊಳೆ ಒಳಗಿನಿಂದ ನೋಡಿದರೆ ಮಿನುಗುತ್ತದೆ. ಪಕ್ಕದಲ್ಲೇ ಸರಿಯಾದ ಮೊಳೆ ಹೊಡೆಯಿರಿ.

ಕಿಟಕಿಯ ಸುತ್ತ ನೀರು ತಡೆಯುವ ಟೇಪ್ ಹಚ್ಚುವಾಗ ಮೊದಲು ಕೆಳಗಿನ ಹೊಸ್ತಿಲು, ಆಮೇಲೆ ಪಕ್ಕಗಳು, ಕೊನೆಗೆ ಮೇಲ್ಭಾಗ. ಕೂರಿಸಿದ ಕಿಟಕಿಯ ಕೆಳ ಅಂಚನ್ನು ಮಾತ್ರ ಮುಚ್ಚಬಾರದು, ಒಳನುಗ್ಗಿದ ನೀರು ಹೊರಹೋಗುವ ದಾರಿ ಅದೇ.

ಮುಳುಗಿದ ಮನೆಯ ದುರಸ್ತಿ ಬೇರೆಯೇ ಕೆಲಸ, ಅಲ್ಲಿ ಬೇಕಾದದ್ದು ತಾಳ್ಮೆ. ಬೂಷ್ಟು ಹಿಡಿದ ಡ್ರೈವಾಲ್ ಕಿತ್ತ ಮೇಲೆ ಮರದ ತೇವ ಮೀಟರಿನಲ್ಲಿ ಶೇ. 15ರ ಆಸುಪಾಸಿಗೆ ಇಳಿಯುವವರೆಗೆ ಗೋಡೆ ಮುಚ್ಚಬಾರದು. ಹೊಸ ಡ್ರೈವಾಲ್ ಹಾಳೆ ನೆಲದಿಂದ ಅರ್ಧ ಇಂಚು ಮೇಲಿರಲಿ. ಕತ್ರೀನಾ ನಂತರ ಚೀನಾದಿಂದ ತರಿಸಿದ ಕೆಲವು ಡ್ರೈವಾಲ್‌ಗಳಿಂದ ಗಂಧಕದ ಅನಿಲ ಹೊಮ್ಮಿ ತಾಮ್ರದ ತಂತಿ, ಏಸಿ ಕೊಳವೆಗಳೇ ಕೊರೆದುಹೋದವು. ಎಷ್ಟೋ ಮನೆಗಳನ್ನು ಮತ್ತೆ ಬಿಚ್ಚಬೇಕಾಯಿತು.

ಸುತ್ತಿಗೆ ಎತ್ತುವ ಮುನ್ನ ಕಾಗದದ ತೊಡಕೂ ಇದೆ. ಪ್ರವಾಹ ವಲಯದಲ್ಲಿ ದುರಸ್ತಿಯ ಖರ್ಚು ಹಾನಿಗೆ ಮುಂಚೆ ಕಟ್ಟಡಕ್ಕಿದ್ದ ಬೆಲೆಯ ಅರ್ಧ ಮುಟ್ಟಿದರೆ, ಮನೆಯನ್ನು ಈಗಿನ ನಿಯಮದ ಎತ್ತರಕ್ಕೇ ಏರಿಸಬೇಕು. ಸ್ವಯಂಸೇವಕರ ಪುಕ್ಕಟೆ ದುಡಿಮೆಯನ್ನೂ ಮಾರುಕಟ್ಟೆ ದರದಲ್ಲಿ ಇದಕ್ಕೆ ಸೇರಿಸುತ್ತಾರೆ! ಅಜ್ಜನ ಹೆಸರಲ್ಲೇ ಉಳಿದ ಮನೆಗಳಿಗೆ ಹಕ್ಕುಪತ್ರ ಸರಿಯಿಲ್ಲದೆ ಸರ್ಕಾರದ ನೆರವು ತಪ್ಪಿದ್ದೂ ಉಂಟು.

ವೈರಿಂಗ್, ನಲ್ಲಿ ಕೆಲಸ ಪರವಾನಗಿ ಇದ್ದವರದ್ದು. ಅವರ ಕೆಲಸವನ್ನೂ ಕ್ಲಿಪ್‌ಗಳನ್ನೂ ಇನ್‌ಸ್ಪೆಕ್ಟರ್ ನೋಡಿ ಸಹಿ ಹಾಕುವ ಮುಂಚೆ ಉತ್ಸಾಹದಲ್ಲಿ ಡ್ರೈವಾಲ್ ಹೊಡೆದರೆ, ಮರುದಿನ ಅದನ್ನು ಕೀಳುವ ಕೆಲಸವೂ ನಿಮ್ಮದೇ.